ಗರ್ವದ ಗೋಪುರ, ದೀನತೆಯ ಏಣಿ

ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರ ಸಂಜೆ ಕಥೋಲಿಕ ಚರ್ಚುಗಳಲ್ಲಿ ಒಂದು ವಿಧಿ ನಡೆಯುತ್ತದೆ. ಪೂಜೆಯ ನಡುವೆ ಗುರುಗಳು ತಮ್ಮ ಮೇಲುಡುಪನ್ನು ತೆಗೆದಿಡುತ್ತಾರೆ. ಸೊಂಟಕ್ಕೆ ಟವಲು ಕಟ್ಟಿಕೊಂಡು, ಸಾಲಾಗಿ ಕುಳಿತವರ ಮುಂದೆ ಮಂಡಿಯೂರಿ, ಒಬ್ಬೊಬ್ಬರ ಪಾದಕ್ಕೂ ನೀರು ಹೊಯ್ದು ಒರೆಸುತ್ತಾರೆ. ಹೀಗೆ ಕೂರುವವರು ಸಾಮಾನ್ಯವಾಗಿ ಹನ್ನೆರಡು ಮಂದಿ. ಮಂಗಳೂರಿನ ಚರ್ಚಾಗಲಿ, ಬೆಂಗಳೂರಿನ ಚರ್ಚಾಗಲಿ, ರೋಮಿನ ದೊಡ್ಡ ದೇವಾಲಯವಾಗಲಿ, ವಿಧಿ ಒಂದೇ.

ಗುರುವಿನ ಪಾದವನ್ನು ಶಿಷ್ಯ ತೊಳೆಯುವುದು ಭಾರತೀಯರಿಗೆ ಚೆನ್ನಾಗಿ ಗೊತ್ತಿರುವ ಸಂಪ್ರದಾಯ. ಇಲ್ಲಿ ಅದು ತಲೆಕೆಳಗಾಗಿದೆ. ಗುರುವೇ ಶಿಷ್ಯರ ಪಾದ ತೊಳೆಯುತ್ತಾನೆ. ಯೇಸು ತನ್ನ ಕಡೆಯ ರಾತ್ರಿ ಹೀಗೆ ಮಾಡಿದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಆ ಕಾಲದಲ್ಲಿ ಅತಿಥಿಗಳ ಧೂಳುಗಾಲನ್ನು ತೊಳೆಯುವುದು ಗುಲಾಮರ ಕೆಲಸ. ಅದಕ್ಕಾಗಿಯೇ ಶಿಷ್ಯ ಪೇತ್ರ ಗಾಬರಿಯಿಂದ ಕಾಲು ಹಿಂದೆಳೆದುಕೊಳ್ಳಲು ನೋಡಿದ. ಯೇಸು ಬಿಡಲಿಲ್ಲ. ತಾನು ಮಾಡಿದ್ದನ್ನು ಅವರೂ ಒಬ್ಬರಿಗೊಬ್ಬರು ಮಾಡಬೇಕೆಂದು ಹೇಳಿದ. ಇದೇ ಕಡೆಯ ಊಟದ ಬಗ್ಗೆ ಬರೆಯುವ ಲೂಕನು ಇನ್ನೊಂದು ಸಂಗತಿಯನ್ನು ಸೇರಿಸುತ್ತಾನೆ: ತಮ್ಮೊಳಗೆ ದೊಡ್ಡವನು ಯಾರು ಎಂದು ಶಿಷ್ಯರು ಅದೇ ಪಂಕ್ತಿಯಲ್ಲಿ ವಾದಕ್ಕೆ ಬಿದ್ದಿದ್ದರಂತೆ.

ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಕ್ರೈಸ್ತ ನೀತಿಯ ಒಂದು ದೊಡ್ಡ ಭಾಗ ಅರ್ಥವಾಗುತ್ತದೆ. ಒಂದು ಕಡೆ ಮೇಲಿನ ಜಾಗಕ್ಕಾಗಿ ಜಗಳ, ಇನ್ನೊಂದು ಕಡೆ ನೀರಿನ ಬೋಗುಣಿ. ಎರಡು ಸಾವಿರ ವರ್ಷಗಳಿಂದ ಈ ಧರ್ಮ ಇವೆರಡರ ನಡುವೆ ಹೊಯ್ದಾಡುತ್ತಲೇ ಬಂದಿದೆ.

ಬೈಗುಳವೇ ಗುಣವಾದ ಬಗೆ

ದೀನತೆ ಒಂದು ಸದ್ಗುಣ ಎಂದು ಇಂದು ಯಾರಾದರೂ ಹೇಳಿದರೆ ಅಚ್ಚರಿಯೆನಿಸುವುದಿಲ್ಲ. ಆದರೆ ಕ್ರಿಸ್ತನ ಕಾಲದ ಗ್ರೀಕರಿಗೂ ರೋಮನ್ನರಿಗೂ ಅದು ವಿಚಿತ್ರವಾಗಿ ಕೇಳಿಸುತ್ತಿತ್ತು. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಮೆಚ್ಚಿ ಬಣ್ಣಿಸುವುದು ಮಹಾಮನಸ್ಕನನ್ನು. ಅಂಥವನು ದೊಡ್ಡ ಗೌರವಕ್ಕೆ ಅರ್ಹ, ಅದು ಅವನಿಗೂ ಗೊತ್ತು. ತನ್ನ ಯೋಗ್ಯತೆಗಿಂತ ಕಡಿಮೆ ಕೇಳುವವನು ಅವನ ಲೆಕ್ಕದಲ್ಲಿ ಅಲ್ಪನೇ ಹೊರತು ಸಜ್ಜನನಲ್ಲ. ದೇವರುಗಳ ಮುಂದೆ ಮಿತಿಮೀರಬಾರದು ಎಂಬ ಎಚ್ಚರಿಕೆ ಗ್ರೀಕ್ ನಾಟಕಗಳ ತುಂಬ ಇದೆ ನಿಜ. ಆದರೆ ಮಿತಿಯರಿತು ನಡೆಯುವುದು ಬೇರೆ, ತಗ್ಗಿ ನಡೆಯುವುದು ಬೇರೆ.

ಶಬ್ದಗಳ ಚರಿತ್ರೆಯಲ್ಲೂ ಇದು ಕಾಣುತ್ತದೆ. ಹೊಸ ಒಡಂಬಡಿಕೆ ದೀನತೆಗೆ ಬಳಸುವ ಗ್ರೀಕ್ ಪದದ ಮೂಲ ಅರ್ಥ ಕೀಳು, ತಗ್ಗು, ಗುಲಾಮರಿಗೆ ತಕ್ಕದ್ದು. ಲ್ಯಾಟಿನ್‌ನ ‘ಹ್ಯುಮಿಲಿಸ್’ ಪದ ಬಂದದ್ದು ‘ಹ್ಯೂಮಸ್’ ಎಂಬುದರಿಂದ, ಹಾಗೆಂದರೆ ಮಣ್ಣು. ನೆಲಕ್ಕೆ ಅಂಟಿಕೊಂಡವನು ಎಂಬ ತಿರಸ್ಕಾರದ ಮಾತು ಅದು. ಕನ್ನಡ ಬೈಬಲ್ಲಿನ ಅನುವಾದಕರು ಆರಿಸಿಕೊಂಡ ಪದವೂ ಇದಕ್ಕೆ ಹತ್ತಿರದ್ದೇ. ‘ವಿನಯ’ ಎಂದರೆ ಕಲಿತು ಬಂದ ಒಳ್ಳೆಯ ನಡತೆ. ವಿದ್ಯಾವಂತನಿಗೆ ಅದು ಭೂಷಣ. ‘ದೀನ’ ಎಂದರೆ ಮೊದಲಿಗೆ ಬಡವ, ಕಂಗಾಲಾದವ, ಕೈಲಾಗದವ. ಫಿಲಿಪ್ಪಿ ಪಟ್ಟಣದವರಿಗೆ ಪೌಲ ಬರೆದ ಪತ್ರದ ಕನ್ನಡ ರೂಪದಲ್ಲಿ ಕಾಣುವುದು ‘ದೀನಭಾವ’.

ಬೈಗುಳದಂತಿದ್ದ ಪದ ಗುಣವಾಚಕವಾದದ್ದು ಹೇಗೆ? ಉತ್ತರ ಶಿಲುಬೆಯಲ್ಲಿದೆ. ರೋಮನ್ ಸಾಮ್ರಾಜ್ಯದಲ್ಲಿ ಶಿಲುಬೆ ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಸಾವು. ರೋಮನ್ ಪ್ರಜೆಗೆ ಸಾಮಾನ್ಯವಾಗಿ ಆ ಶಿಕ್ಷೆ ಇರಲಿಲ್ಲ. ನೋವಿಗಿಂತಲೂ ಅವಮಾನವೇ ಅದರ ಉದ್ದೇಶ. ತಮ್ಮ ಗುರು ಅಂಥ ಸಾವು ಸತ್ತ ಎಂಬುದನ್ನು ಮೊದಲ ಕ್ರೈಸ್ತರು ಮುಚ್ಚಿಡಬಹುದಿತ್ತು. ಅದರ ಬದಲು ಅದನ್ನೇ ಎತ್ತಿ ಹಿಡಿದರು. ದೇವರ ಸ್ವರೂಪದಲ್ಲಿದ್ದವನು ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪಕ್ಕೆ ಇಳಿದ, ಶಿಲುಬೆಯ ಸಾವಿನವರೆಗೂ ತಗ್ಗಿದ ಎಂಬುದು ಪೌಲನ ಆ ಪತ್ರದ ತಾತ್ಪರ್ಯ. ದೇವರೇ ಕೆಳಗಿಳಿದ ಮೇಲೆ ಮೇಲೇರುವುದರಲ್ಲಿ ಏನು ಹಿರಿಮೆ? ಕ್ರೈಸ್ತರ ದೀನತೆ ಬರಿಯ ಸಭ್ಯತೆಯಾಗಿ ಉಳಿಯದೆ ಭಕ್ತಿಯ ತಿರುಳಾದದ್ದು ಹೀಗೆ.

ಪಾಪಗಳ ರಾಣಿ

ದೀನತೆ ಮೊದಲ ಗುಣವಾದರೆ ಗರ್ವ ಮೊದಲ ಪಾಪವಾಗಲೇಬೇಕು. ಇದಕ್ಕೆ ಬೇಕಾದ ಕಥೆಗಳು ಹಳೆಯ ಒಡಂಬಡಿಕೆಯಲ್ಲೇ ಇದ್ದವು. ದೇವರಂತಾಗುವ ಆಸೆಗೆ ಹಣ್ಣು ತಿಂದ ಆದಾಮ ಮತ್ತು ಹವ್ವ, ಆಕಾಶ ಮುಟ್ಟುವ ಗೋಪುರ ಕಟ್ಟಹೊರಟ ಬಾಬೆಲಿನ ಜನ, ಅರಮನೆಯ ಮಾಳಿಗೆಯ ಮೇಲೆ ತಿರುಗಾಡುತ್ತ ತನ್ನ ವೈಭವವನ್ನು ಹೊಗಳಿಕೊಂಡು ಕಡೆಗೆ ಎತ್ತಿನಂತೆ ಹುಲ್ಲು ಮೇಯುವ ಸ್ಥಿತಿಗೆ ಬಂದ ನೆಬೂಕದ್ನೆಚ್ಚರ ದೊರೆ. ಬಾಬಿಲೋನಿನ ಅರಸನ ಪತನವನ್ನು ಹಂಗಿಸುವ ಯೆಶಾಯನ ಮಾತುಗಳಲ್ಲಿ ಚರ್ಚಿನ ಹಿರಿಯರು ದೇವದೂತನೊಬ್ಬನ ಪತನವನ್ನೇ ಕಂಡರು. ದೇವರ ಸಮಕ್ಕೆ ನಿಲ್ಲಬಯಸಿ ಬಿದ್ದ ಲೂಸಿಫರನ ಕಥೆ ಬೆಳೆದದ್ದು ಹೀಗೆ. ಸೈತಾನನಿಗೆ ಹಸಿವಿಲ್ಲ, ಕಾಮವಿಲ್ಲ, ಹಣದ ಆಸೆಯಿಲ್ಲ. ಅವನನ್ನು ಕೆಡಿಸಿದ್ದು ಗರ್ವವೊಂದೇ ಎಂಬುದು ಈ ಕಥೆಯ ಹುರುಳು.

ಈ ವಿಚಾರಕ್ಕೆ ತಾತ್ವಿಕ ಬುನಾದಿ ಹಾಕಿದವನು ಸಂತ ಅಗಸ್ಟಿನ್ (354-430). ಈಗಿನ ಅಲ್ಜೀರಿಯಾ ದೇಶದ ಹಿಪ್ಪೋ ಪಟ್ಟಣದ ಬಿಷಪ್ಪನಾಗಿದ್ದ ಅವನು ಅದಕ್ಕೆ ಮುಂಚೆ ವಾಗ್ಮಿತೆ ಕಲಿಸುವ ಮೇಷ್ಟರು. ತರುಣನಾಗಿದ್ದಾಗ ಬೈಬಲ್ಲನ್ನು ತೆರೆದು ನೋಡಿ, ಸಿಸಿರೋನ ಗದ್ಯದ ಘನತೆ ಇದಕ್ಕಿಲ್ಲವೆಂದು ಮುಚ್ಚಿಟ್ಟಿದ್ದನ್ನು ಆತ್ಮಕಥೆಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ಪುಸ್ತಕದ ಬಾಗಿಲು ತಗ್ಗಾಗಿತ್ತು, ತನ್ನ ಕುತ್ತಿಗೆ ಬಗ್ಗಲಿಲ್ಲ ಎಂಬುದು ಅವನ ವಿವರಣೆಯ ಸಾರ. 410ರಲ್ಲಿ ಗಾಥರು ರೋಮ್ ನಗರವನ್ನು ಕೊಳ್ಳೆಹೊಡೆದ ಮೇಲೆ ಅವನು ಬರೆಯತೊಡಗಿದ ‘ದೇವರ ನಗರ’ ಎಂಬ ಬೃಹದ್ಗ್ರಂಥ ಮನುಷ್ಯ ಚರಿತ್ರೆಯನ್ನೇ ಎರಡು ಪ್ರೀತಿಗಳ ಹೋರಾಟವಾಗಿ ಕಾಣುತ್ತದೆ. ತನ್ನನ್ನೇ ಪ್ರೀತಿಸಿ ದೇವರನ್ನು ಕಡೆಗಣಿಸುವುದು ಒಂದು. ದೇವರನ್ನು ಪ್ರೀತಿಸಿ ತನ್ನನ್ನು ಮರೆಯುವುದು ಇನ್ನೊಂದು. ದುಷ್ಟ ಸಂಕಲ್ಪ ಶುರುವಾಗುವುದೇ ಗರ್ವದಿಂದ ಎಂಬುದು ಅವನ ನಿಲುವು.

ಗರ್ವ ಉಳಿದ ಪಾಪಗಳಿಗಿಂತ ಏಕೆ ಕೆಟ್ಟದ್ದು? ಅಗಸ್ಟಿನ್ ಕೊಡುವ ಕಾರಣ ಸೂಕ್ಷ್ಮವಾದದ್ದು. ಮಿಕ್ಕ ಪಾಪಗಳು ಕೆಟ್ಟ ಕೆಲಸಗಳಲ್ಲಿ ಕಾಣಿಸಿಕೊಳ್ಳುತ್ತವೆ. ಕದ್ದವನಿಗೆ ಕದ್ದೆನೆಂದು ಗೊತ್ತು. ಗರ್ವ ಮಾತ್ರ ಒಳ್ಳೆಯ ಕೆಲಸಗಳೊಳಗೇ ಹೊಂಚುಹಾಕುತ್ತದೆ. ದಾನ ಮಾಡಿದ ಕೈಯಲ್ಲೇ, ಉಪವಾಸವಿದ್ದ ಹೊಟ್ಟೆಯಲ್ಲೇ ಅದು ಮನೆಮಾಡುತ್ತದೆ. ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಸಾಮತಿ ಇದನ್ನೇ ತೋರಿಸುತ್ತದೆ. ದೇವಾಲಯಕ್ಕೆ ಇಬ್ಬರು ಪ್ರಾರ್ಥನೆಗೆ ಹೋಗುತ್ತಾರೆ. ಫರಿಸಾಯ ತನ್ನ ಉಪವಾಸ, ದಾನಗಳ ಪಟ್ಟಿ ಒಪ್ಪಿಸಿ, ಅಲ್ಲಿ ನಿಂತ ಸುಂಕದವನಂತೆ ತಾನಿಲ್ಲವೆಂದು ದೇವರಿಗೆ ಕೃತಜ್ಞತೆ ಹೇಳುತ್ತಾನೆ. ಸುಂಕದವನು ದೂರದಲ್ಲಿ ನಿಂತು ಎದೆ ಬಡಿದುಕೊಂಡು ಕರುಣೆ ಬೇಡುತ್ತಾನೆ. ಮೆಚ್ಚುಗೆ ಪಡೆದು ಮನೆಗೆ ಹೋದವನು ಎರಡನೆಯವನು. ಫರಿಸಾಯ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಬೇಕು. ಅವನು ನಿಜಕ್ಕೂ ಸದಾಚಾರಿ. ಅವನ ತೊಡಕೂ ಅದೇ.

ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಮೊದಲನೆಯ ಗ್ರೆಗೊರಿ ಪಾಪಗಳಿಗೆ ಒಂದು ವಂಶವೃಕ್ಷವನ್ನೇ ಕೊಟ್ಟ. ಅವನ ಪ್ರಕಾರ ಗರ್ವ ರಾಣಿ. ಮನುಷ್ಯನ ಹೃದಯವನ್ನು ಗೆದ್ದ ಕೂಡಲೇ ಅವಳು ಅದನ್ನು ತನ್ನ ಏಳು ಸೇನಾಪತಿಗಳ ಕೈಗೆ ಒಪ್ಪಿಸುತ್ತಾಳೆ. ಒಣಪ್ರತಿಷ್ಠೆ, ಅಸೂಯೆ, ಕೋಪ, ವಿಷಾದ, ಲೋಭ, ಹೊಟ್ಟೆಬಾಕತನ, ಕಾಮ ಇವೇ ಆ ಸೇನಾಪತಿಗಳು. ಮುಂದೆ ಗರ್ವವೇ ಈ ಪಟ್ಟಿಯ ಮೊದಲ ಸ್ಥಾನಕ್ಕೆ ಬಂದು, ವಿಷಾದದ ಜಾಗವನ್ನು ಆಲಸ್ಯ ಪಡೆದು, ಇಂದು ಎಲ್ಲರಿಗೂ ತಿಳಿದಿರುವ ‘ಏಳು ಮಹಾಪಾಪಗಳು’ ರೂಪುಗೊಂಡವು. ಇಟಲಿಯ ಕವಿ ಡಾಂಟೆ ತನ್ನ ಕಾವ್ಯದಲ್ಲಿ ಶುದ್ಧೀಕರಣ ಪರ್ವತದ ಮೊದಲ ಹಂತದಲ್ಲೇ ಗರ್ವಿಗಳನ್ನು ಇಟ್ಟಿದ್ದಾನೆ. ಬೆನ್ನ ಮೇಲೆ ಬಂಡೆ ಹೊತ್ತು, ಜೀವಮಾನವಿಡೀ ಬಗ್ಗದ ತಲೆಯನ್ನು ಅವರು ಅಲ್ಲಿ ಬಗ್ಗಿಸಿ ನಡೆಯುತ್ತಾರೆ. ಸತ್ತ ಮೇಲೆ ತನಗೂ ಆ ಹೊರೆ ಕಾದಿದೆ ಎಂಬ ಭಯವನ್ನು ಡಾಂಟೆ ಮರೆಮಾಚಿಲ್ಲ.

ಈರುಳ್ಳಿ ಮತ್ತು ನೆಗ್ಗಿಲು ಮುಳ್ಳು

ಗ್ರೆಗೊರಿಯ ಪಟ್ಟಿ ಹುಟ್ಟಿದ್ದು ರೋಮಿನಲ್ಲಲ್ಲ, ಈಜಿಪ್ಟಿನ ಮರುಭೂಮಿಯಲ್ಲಿ. ನಾಲ್ಕನೆಯ ಶತಮಾನದಲ್ಲಿ ಸಾವಿರಾರು ಮಂದಿ ಊರು ಬಿಟ್ಟು ಅಲ್ಲಿ ಗುಡಿಸಲು ಹಾಕಿಕೊಂಡು ತಪಸ್ಸಿಗೆ ಕುಳಿತರು. ಅವರಲ್ಲೊಬ್ಬ ಇವಾಗ್ರಿಯಸ್. ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಹೆಸರು ಮಾಡಿ, ಅದನ್ನೆಲ್ಲ ಬಿಟ್ಟು ಬಂದ ಅವನು 399ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದ. ಸಾಧಕನನ್ನು ಕಾಡುವ ಎಂಟು ಕೆಟ್ಟ ಆಲೋಚನೆಗಳನ್ನು ಅವನು ಗುರುತಿಸಿದ. ಹೊಟ್ಟೆಬಾಕತನ ಮೊದಲನೆಯದು. ಒಣಪ್ರತಿಷ್ಠೆ ಮತ್ತು ಗರ್ವ ಕಡೆಯ ಎರಡು. ಈ ಕ್ರಮಕ್ಕೆ ಅರ್ಥವಿದೆ. ಹಸಿವು, ಕಾಮ, ಕೋಪಗಳನ್ನು ಗೆಲ್ಲುವವರೆಗೆ ಹೆಮ್ಮೆಪಡಲು ಏನೂ ಇರುವುದಿಲ್ಲ. ಗೆದ್ದ ಮೇಲೆ ಗೆದ್ದೆನೆಂಬುದೇ ಹೊಸ ಶತ್ರು.

ಇವಾಗ್ರಿಯಸನ ವಿಚಾರಗಳನ್ನು ಪಶ್ಚಿಮಕ್ಕೆ ತಂದ ಜಾನ್ ಕ್ಯಾಸಿಯನ್ ಒಣಪ್ರತಿಷ್ಠೆಯನ್ನು ಈರುಳ್ಳಿಗೆ ಹೋಲಿಸುತ್ತಾನೆ. ಒಂದು ಸಿಪ್ಪೆ ಸುಲಿದರೆ ಒಳಗೆ ಇನ್ನೊಂದು ಸಿದ್ಧವಾಗಿರುತ್ತದೆ. ಏಳನೆಯ ಶತಮಾನದಲ್ಲಿ ಸೀನಾಯಿ ಬೆಟ್ಟದ ಮಠದಲ್ಲಿದ್ದ ಜಾನ್ ಕ್ಲೈಮಕಸ್ ಎಂಬ ಸನ್ಯಾಸಿ ಮೂವತ್ತು ಮೆಟ್ಟಿಲುಗಳ ‘ಏಣಿ’ ಎಂಬ ಗ್ರಂಥ ಬರೆದ. ಅವನಿಗೆ ಹೊಳೆದದ್ದು ನೆಗ್ಗಿಲು ಮುಳ್ಳು. ಅದನ್ನು ಹೇಗೇ ಎಸೆದರೂ ಒಂದು ಮೊನೆ ಮೇಲೆದ್ದು ನಿಲ್ಲುತ್ತದೆ. ಒಳ್ಳೆಯ ಬಟ್ಟೆ ಉಟ್ಟರೆ ಹೆಮ್ಮೆ, ಚಿಂದಿ ಉಟ್ಟರೂ ಹೆಮ್ಮೆ. ಮಾತಾಡಿದರೆ ಹೆಮ್ಮೆ, ಮೌನವಾಗಿದ್ದರೆ ಮೌನದ್ದೇ ಹೆಮ್ಮೆ. ಮನಶ್ಶಾಸ್ತ್ರ ಎಂಬ ಹೆಸರು ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ಈ ಸನ್ಯಾಸಿಗಳು ಮನಸ್ಸಿನ ಮೋಸಗಳನ್ನು ಬಿಡಿಸಿ ನೋಡಿದ್ದರು. ದೀನತೆಯನ್ನು ನೇರವಾಗಿ ಸಂಪಾದಿಸಹೊರಟರೆ ಅದು ಕೈಗೆ ಸಿಗುವುದಿಲ್ಲ ಎಂಬುದು ಅವರು ಕಂಡುಕೊಂಡ ದೊಡ್ಡ ಸತ್ಯ. ತಾನು ದೀನನಾದೆ ಎಂದುಕೊಂಡ ಗಳಿಗೆಯಲ್ಲೇ ಮುಳ್ಳಿನ ಮೊನೆ ಮೇಲೆದ್ದಿರುತ್ತದೆ.

ಇಳಿಯುವುದಕ್ಕೆ ಹನ್ನೆರಡು ಮೆಟ್ಟಿಲು

ಹಾಗಾದರೆ ದಾರಿ ಯಾವುದು? ಆರನೆಯ ಶತಮಾನದ ಇಟಲಿಯಲ್ಲಿ ಸಂತ ಬೆನೆಡಿಕ್ಟ್ ಕೊಟ್ಟ ಉತ್ತರ ತೀರ ವ್ಯಾವಹಾರಿಕವಾದದ್ದು. ಉಪದೇಶವಷ್ಟೇ ಸಾಲದು, ದಿನಚರಿಯಲ್ಲೇ ಅದನ್ನು ಹೆಣೆಯಬೇಕು. ಅವನು ಮಠಗಳಿಗಾಗಿ ಬರೆದ ನಿಯಮಾವಳಿಯ ಏಳನೆಯ ಅಧ್ಯಾಯ ದೀನತೆಯ ಹನ್ನೆರಡು ಮೆಟ್ಟಿಲುಗಳನ್ನು ವಿವರಿಸುತ್ತದೆ. ಯಾಕೋಬ ಕನಸಿನಲ್ಲಿ ಕಂಡ ಏಣಿಯೇ ಇದಕ್ಕೆ ಮಾದರಿ. ಈ ಏಣಿಯ ವಿಶೇಷವೆಂದರೆ, ತನ್ನನ್ನು ಏರಿಸಿಕೊಂಡವನು ಇಳಿಯುತ್ತಾನೆ, ತಗ್ಗಿಸಿಕೊಂಡವನು ಏರುತ್ತಾನೆ.

ಆದರೆ ನಿಯಮಾವಳಿಯ ಜೀವ ಇರುವುದು ಸಣ್ಣ ಸಣ್ಣ ಕಟ್ಟಳೆಗಳಲ್ಲಿ. ವಾರದ ಸರದಿಯಂತೆ ಅಡಿಗೆ ಮಾಡಿ ಬಡಿಸಿದವರು ಶನಿವಾರ ಎಲ್ಲರ ಪಾದ ತೊಳೆಯಬೇಕು. ಅತಿಥಿ ಬಂದರೆ ಮಠಾಧಿಪತಿಯೇ ಕೈಗೆ ನೀರು ಹಾಕಬೇಕು. ಮಠದಲ್ಲಿ ಹಿರಿತನ ನಿರ್ಧಾರವಾಗುವುದು ಮುಖ್ಯವಾಗಿ ಸೇರಿದ ದಿನದಿಂದ, ಹುಟ್ಟಿದ ಮನೆತನದಿಂದಲ್ಲ. ಗುಲಾಮನಾಗಿದ್ದು ಬಂದವನಿಗಿಂತ ಸ್ವತಂತ್ರನಾಗಿ ಹುಟ್ಟಿದವನನ್ನು ಹುಟ್ಟಿನ ಕಾರಣಕ್ಕೆ ಮೇಲೆ ಕೂರಿಸಕೂಡದು. ಇನ್ನೂ ಒಂದು ಕಟ್ಟಳೆ ಕುತೂಹಲಕರ: ಮಠದಲ್ಲಿರುವ ಕುಶಲಕರ್ಮಿ ತನ್ನಿಂದಲೇ ಮಠಕ್ಕೆ ಲಾಭ ಎಂದು ಬೀಗತೊಡಗಿದರೆ ಅವನನ್ನು ಆ ಕಸುಬಿನಿಂದಲೇ ಬಿಡಿಸಬೇಕು. ಲಾಭ ಹೋದರೆ ಹೋಗಲಿ, ಮನುಷ್ಯ ಉಳಿಯಲಿ ಎಂಬುದು ಇದರ ಭಾವ.

ಆರು ಶತಮಾನಗಳ ನಂತರ ಕ್ಲೆರ್ವೋ ಮಠದ ಬರ್ನಾರ್ಡ್ (1090-1153) ಇದೇ ಏಣಿಯನ್ನು ತಲೆಕೆಳಗು ಮಾಡಿ, ಗರ್ವದ ಹನ್ನೆರಡು ಮೆಟ್ಟಿಲುಗಳನ್ನು ಬರೆದ. ಅವನ ಮೊದಲ ಮೆಟ್ಟಿಲು ಕುತೂಹಲ. ತನ್ನನ್ನು ನೋಡಿಕೊಳ್ಳಬೇಕಾದ ಕಣ್ಣು ಅವರಿವರನ್ನು ನೋಡುತ್ತ ಅಲೆಯುವುದೇ ಆರಂಭ. ಅಲ್ಲಿಂದ ಚಪಲ, ಹುಚ್ಚು ನಗೆ, ಜಂಬಗಳ ಮೂಲಕ ಇಳಿಯುತ್ತ ಹೋಗಿ, ಪಾಪವೇ ಅಭ್ಯಾಸವಾಗುವಲ್ಲಿ ದಾರಿ ಮುಗಿಯುತ್ತದೆ. ನಡುವಿನ ಒಂದು ಮೆಟ್ಟಿಲಿನಲ್ಲಿ ಅವನು ಒಬ್ಬ ಸನ್ಯಾಸಿಯ ಚಿತ್ರ ಕೊಡುತ್ತಾನೆ. ಒಳ್ಳೆಯವನಾಗುವುದಕ್ಕಿಂತ ಒಳ್ಳೆಯವನೆಂದು ಕಾಣಿಸಿಕೊಳ್ಳುವುದೇ ಆತನಿಗೆ ಮುಖ್ಯ. ಊಟದ ಪಂಕ್ತಿಯಲ್ಲಿ ಅತ್ತಿತ್ತ ಕಣ್ಣಾಡಿಸಿ, ಯಾರಾದರೂ ತನಗಿಂತ ಕಡಿಮೆ ಉಣ್ಣುತ್ತಿದ್ದರೆ ಸೋತವನಂತೆ ಪೆಚ್ಚಾಗುತ್ತಾನೆ. ಇಂಥವರ ಪರಿಚಯ ಎಲ್ಲ ಧರ್ಮದ ಮಠಗಳಿಗೂ ಇದ್ದೀತು. ದೀನತೆಯ ಬಗ್ಗೆ ಬರೆಯಲು ಹೇಳಿದರೆ ಗರ್ವದ ಬಗ್ಗೆ ಬರೆದೆಯಲ್ಲ ಎಂದು ಕೇಳುವವರಿಗೆ ಬರ್ನಾರ್ಡ್ ಕಡೆಯಲ್ಲಿ ಸಮಾಧಾನ ಹೇಳುತ್ತಾನೆ. ತನಗೆ ಚೆನ್ನಾಗಿ ಗೊತ್ತಿರುವುದು ಇಳಿಯುವ ದಾರಿ, ಗೊತ್ತಿರುವುದನ್ನಷ್ಟೇ ಕಲಿಸಬಲ್ಲೆ ಎಂಬುದು ಆ ಮಾತಿನ ಧಾಟಿ.

ಅರಮನೆಗೆ ಬಂದ ಬೋಗುಣಿ

ಮಠದೊಳಗಿನ ಕಥೆ ಇದಾದರೆ ಅಧಿಕಾರದ ಜಗತ್ತಿನ ಕಥೆ ಬೇರೆ. ಕ್ರೈಸ್ತ ಧರ್ಮ ರೋಮನ್ ಸಾಮ್ರಾಜ್ಯದ ಧರ್ಮವಾದ ಮೇಲೆ ಶಿಲುಬೆ ಕಿರೀಟದ ಮೇಲೇರಿತು. ದೊರೆಗಳನ್ನು ಬಗ್ಗಿಸುವ ಶಕ್ತಿ ಚರ್ಚಿಗೆ ಬಂದಿತು. 390ರಲ್ಲಿ ಥೆಸಲೋನಿಕ ಪಟ್ಟಣದಲ್ಲಿ ಸಾಮ್ರಾಟ ಥಿಯೋಡೋಸಿಯಸನ ಸೈನ್ಯ ಜನರ ಮಾರಣಹೋಮ ನಡೆಸಿದಾಗ, ಮಿಲಾನಿನ ಬಿಷಪ್ ಆಂಬ್ರೋಸ್ ಸಾಮ್ರಾಟನಿಗೆ ಸಂಸ್ಕಾರ ನಿರಾಕರಿಸಿದ. ಸಾಮ್ರಾಟ ರಾಜಲಾಂಛನ ಕಳಚಿ ಪ್ರಾಯಶ್ಚಿತ್ತ ಮಾಡಿಕೊಂಡ. ಇಲ್ಲಿ ತಗ್ಗಿದ್ದು ಅಧಿಕಾರ, ಗೆದ್ದದ್ದು ಸತ್ತವರ ಪರವಾದ ನ್ಯಾಯ.

1077ರ ಜನವರಿಯ ಕನೋಸ್ಸಾ ಪ್ರಸಂಗ ಅಷ್ಟು ಸರಳವಲ್ಲ. ಬಿಷಪ್ಪರ ನೇಮಕದ ಹಕ್ಕು ಯಾರದೆಂಬ ವ್ಯಾಜ್ಯದಲ್ಲಿ ಬಹಿಷ್ಕೃತನಾದ ಜರ್ಮನಿಯ ದೊರೆ ನಾಲ್ಕನೆಯ ಹೆನ್ರಿ, ಪೋಪ್ ಏಳನೆಯ ಗ್ರೆಗೊರಿ ತಂಗಿದ್ದ ಕೋಟೆಯ ಮುಂದೆ ಹಿಮದಲ್ಲಿ ಮೂರು ದಿನ ಪಶ್ಚಾತ್ತಾಪದ ಉಡುಗೆಯಲ್ಲಿ ನಿಂತ. ಕ್ಷಮೆಯೂ ಸಿಕ್ಕಿತು. ಆದರೆ 1084ರಲ್ಲಿ ಅದೇ ಹೆನ್ರಿ ರೋಮನ್ನು ವಶಪಡಿಸಿಕೊಂಡ. ಮಾರನೆಯ ವರ್ಷ ಗ್ರೆಗೊರಿ ದೂರದ ಸಲೆರ್ನೋದಲ್ಲಿ ತೀರಿಕೊಂಡ. ಹಿಮದಲ್ಲಿ ನಿಂತವನದು ದೀನತೆಯೋ ರಾಜತಂತ್ರವೋ, ಒಳಗೆ ಕುಳಿತವನದು ಧರ್ಮವೋ ಹಟವೋ, ಚರಿತ್ರಕಾರರು ಇಂದಿಗೂ ಚರ್ಚಿಸುತ್ತಾರೆ.

ಪಾದ ತೊಳೆಯುವ ವಿಧಿಯ ಗತಿಯೂ ಹೀಗೆಯೇ ಆಯಿತು. ಯೂರೋಪಿನ ಅನೇಕ ಅರಮನೆಗಳಲ್ಲಿ ಪವಿತ್ರ ಗುರುವಾರದಂದು ದೊರೆಗಳೇ ಬಡವರ ಪಾದ ತೊಳೆಯುವ ಪದ್ಧತಿ ಬಂದಿತು. ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಈ ಬಡ ಹೆಂಗಸರ ಪಾದಗಳನ್ನು ಮೊದಲು ಅರಮನೆಯ ಅಗಸರು, ಆಮೇಲೆ ಅಧಿಕಾರಿಗಳು ಪರಿಮಳದ ನೀರಿನಲ್ಲಿ ತೊಳೆಯುತ್ತಿದ್ದರು. ಚೊಕ್ಕಟವಾದ ಮೇಲೆ ರಾಣಿಯ ಸರದಿ. ಎರಡನೆಯ ಜೇಮ್ಸ್ ದೊರೆಯೇ ಇದನ್ನು ಸ್ವತಃ ಮಾಡಿದ ಕೊನೆಯವನೆನ್ನುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ವಿಧಿಯೇ ನಿಂತುಹೋಗಿ, ನಾಣ್ಯ ಹಂಚುವುದು ಮಾತ್ರ ಉಳಿಯಿತು. 2023ರಲ್ಲಿ ಮೂರನೆಯ ಚಾರ್ಲ್ಸ್ ದೊರೆ ಯಾರ್ಕ್ ನಗರದಲ್ಲಿ ತನ್ನ ವಯಸ್ಸಿನ ಲೆಕ್ಕಕ್ಕೆ 74 ಗಂಡಸರಿಗೂ 74 ಹೆಂಗಸರಿಗೂ ನಾಣ್ಯದ ಚೀಲ ಕೊಟ್ಟ. ಸಮಾರಂಭದಲ್ಲಿ ಅಧಿಕಾರಿಗಳು ಈಗಲೂ ಸೊಂಟಕ್ಕೆ ಬಿಳಿಯ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಟವಲು ಉಳಿಯಿತು, ನೀರು ಹೋಯಿತು.

ಚರ್ಚಿನ ಪೀಠದಲ್ಲೂ ಇದೇ ಎಳೆದಾಟ. ‘ಲೋಕದ ಪಿತಾಮಹ’ ಎಂಬರ್ಥದ ಬಿರುದನ್ನು ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷ ಬಳಸಿದ್ದಕ್ಕೆ ಸಿಟ್ಟಾದ ಮೊದಲನೆಯ ಗ್ರೆಗೊರಿ ತನ್ನನ್ನು ‘ದೇವರ ದಾಸರ ದಾಸ’ ಎಂದು ಕರೆದುಕೊಂಡ. ಆ ಹೆಸರು ಪೋಪರಿಗೆ ಇಂದಿಗೂ ಉಳಿದಿದೆ. ಆದರೆ ದಾಸರ ದಾಸನೆಂದು ಸಹಿ ಹಾಕುತ್ತಿದ್ದವರ ಪಾದಕ್ಕೆ ಅರಸರು ಮುತ್ತಿಡುತ್ತಿದ್ದರು. ಅವರ ತಲೆಯ ಮೇಲೆ ಮೂರು ಅಂತಸ್ತಿನ ಕಿರೀಟ, ಕೂರಲು ಹೆಗಲ ಮೇಲೆ ಹೊರುವ ಪೀಠ. ಈ ವೈಭವಕ್ಕೆ ಒಂದು ತಡೆಯೂ ಇತ್ತು. ಪಟ್ಟಾಭಿಷೇಕದ ಮೆರವಣಿಗೆಯಲ್ಲಿ ಹೊಸ ಪೋಪನ ಮುಂದೆ ನಾರಿನ ಎಳೆಗಳನ್ನು ಸುಟ್ಟು, ಲೋಕದ ವೈಭವ ಹೀಗೆಯೇ ಕಳೆದುಹೋಗುತ್ತದೆಂದು ನೆನಪಿಸುತ್ತಿದ್ದರು. 1963ರಲ್ಲಿ ಪಟ್ಟಕ್ಕೆ ಬಂದ ಆರನೆಯ ಪೌಲ್ ಮರುವರ್ಷವೇ ಕಿರೀಟವನ್ನು ಇಳಿಸಿಟ್ಟರು. 1975ರಲ್ಲಿ ಅವರು ಆರ್ಥಡಾಕ್ಸ್ ಚರ್ಚಿನ ಪ್ರತಿನಿಧಿಯ ಮುಂದೆ ಮಂಡಿಯೂರಿ ಅವರ ಪಾದಕ್ಕೆ ಮುತ್ತಿಟ್ಟರು. ಸಾವಿರ ವರ್ಷದ ಒಡಕಿನ ಮುಂದೆ ಅದೊಂದು ಮೌನ ಪ್ರಾಯಶ್ಚಿತ್ತ.

ಉಪದೇಶ ಯಾರಿಗೆ?

ದೀನತೆಯ ಮಾತಿಗೆ ಇನ್ನೊಂದು ಮುಖವಿದೆ. ಅದನ್ನು ಮರೆತರೆ ಚಿತ್ರ ಪೂರ್ಣವಾಗುವುದಿಲ್ಲ. ಮೇಲೆ ಕುಳಿತವನು ತನಗೆ ತಾನೇ ಹೇಳಿಕೊಂಡರೆ ದೀನತೆ ಔಷಧ. ಅದನ್ನೇ ಕೆಳಗಿರುವವನಿಗೆ ಹೇಳಿದರೆ ಸಂಕೋಲೆ.

ಗುಲಾಮಗಿರಿಯ ಕಾಲದಲ್ಲಿ ಇದು ಬೆತ್ತಲಾಗಿ ಕಂಡಿತು. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸ್‌ನ ಗುಲಾಮರಿಗಾಗಿಯೇ ಆಯ್ದ ಬೈಬಲ್ಲೊಂದು ಅಚ್ಚಾಯಿತು. ಇಸ್ರೇಲಿನ ಜನ ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾಗುವ ಭಾಗವೇ ಅದರಲ್ಲಿ ಇರಲಿಲ್ಲ. ವಿಧೇಯತೆಯ ಮಾತುಗಳನ್ನು ಮಾತ್ರ ಉಳಿಸಿಕೊಳ್ಳಲಾಗಿತ್ತು. ಅಮೆರಿಕದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್ 1845ರ ತನ್ನ ಆತ್ಮಕಥೆಯಲ್ಲಿ, ಕ್ರಿಸ್ತನ ಧರ್ಮವೇ ಬೇರೆ, ಗುಲಾಮರ ಒಡೆಯರ ಧರ್ಮವೇ ಬೇರೆ ಎಂದು ಕಟುವಾಗಿ ವಿಂಗಡಿಸಿದ.

ಭಾರತದಲ್ಲಿ ಇದೇ ಪ್ರಶ್ನೆ ಜಾತಿಯ ರೂಪದಲ್ಲಿ ಎದುರಾಯಿತು. ಪಾದ ತೊಳೆದ ಗುರುವಿನ ಹೆಸರು ಹೇಳುವ ಚರ್ಚುಗಳಲ್ಲೇ ದಲಿತ ಕ್ರೈಸ್ತರಿಗೆ ಬೇರೆ ಸಾಲು, ಬೇರೆ ಸ್ಮಶಾನ ಇದ್ದವು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ದಕ್ಷಿಣ ಭಾರತದ ತಮ್ಮ ಸಭೆಗಳಲ್ಲಿ ಜಾತಿಭೇದವನ್ನು ಕೈಬಿಡಬೇಕೆಂದು ಆಜ್ಞೆ ಹೊರಡಿಸಿದಾಗ ಪ್ರತಿಭಟಿಸಿ ಹೊರನಡೆದವರು ಕಡಿಮೆಯಿರಲಿಲ್ಲ. ಹುಟ್ಟಿನ ಗರ್ವ ಜ್ಞಾನಸ್ನಾನದ ನೀರಿನಲ್ಲೂ ಕರಗಲಿಲ್ಲ.

ತತ್ವಜ್ಞಾನಿಗಳ ಟೀಕೆಯೂ ಬಂದಿತು. ಡೇವಿಡ್ ಹ್ಯೂಮ್ 1751ರಲ್ಲಿ ದೀನತೆಯನ್ನು ಯಾರಿಗೂ ಉಪಯೋಗವಿಲ್ಲದ ಸನ್ಯಾಸಿಗಳ ಗುಣಗಳ ಸಾಲಿಗೆ ಸೇರಿಸಿದ. ಬಲಹೀನರು ತಮ್ಮ ಕೈಲಾಗದ ಸ್ಥಿತಿಗೆ ಸದ್ಗುಣವೆಂಬ ಹೆಸರಿಟ್ಟರು ಎಂಬುದು 1887ರಲ್ಲಿ ನೀಚೆ ಹೊರಿಸಿದ ಆರೋಪ. ಕ್ರೈಸ್ತ ಚಿಂತಕರೊಳಗಿಂದಲೇ ಬಂದ ಪ್ರಶ್ನೆ ಇನ್ನೂ ಮೊನಚಾದದ್ದು. ಅಮೆರಿಕದ ವ್ಯಾಲೆರಿ ಸೈವಿಂಗ್ 1960ರಲ್ಲಿ ಬರೆದ ಲೇಖನದಲ್ಲಿ, ಗರ್ವವೇ ಮನುಷ್ಯನ ಮೂಲ ಪಾಪ ಎಂಬ ಮಾತು ಗಂಡಸರ ಅನುಭವದಿಂದ ಹುಟ್ಟಿದ್ದು ಎಂದು ವಾದಿಸಿದರು. ಮನೆಮಂದಿಗಾಗಿ ತನ್ನತನವನ್ನೇ ಕಳೆದುಕೊಂಡ ಹೆಂಗಸಿಗೆ ಇನ್ನಷ್ಟು ತಗ್ಗು ಎಂದು ಹೇಳುವುದು ಔಷಧವಲ್ಲ. ಅವಳ ರೋಗವೇ ಅದು. ಈ ವಾದಕ್ಕೆ ಉತ್ತರ ಹುಡುಕುವುದು ಧರ್ಮಶಾಸ್ತ್ರಕ್ಕೆ ಸುಲಭವಾಗಲಿಲ್ಲ.

ಸತ್ಯದ ನಡಿಗೆ

ಸರಿಯಾದ ಅಳತೆಯ ಹುಡುಕಾಟ ಹಳೆಯದೇ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಅರಿಸ್ಟಾಟಲನ ಮಹಾಮನಸ್ಕತೆಯನ್ನೂ ಕ್ರೈಸ್ತರ ದೀನತೆಯನ್ನೂ ಎದುರಾಳಿಗಳೆಂದು ಒಪ್ಪಲಿಲ್ಲ. ದೇವರಿಂದ ಬಂದ ಶಕ್ತಿಯನ್ನು ನೆನೆದಾಗ ಮನುಷ್ಯ ದೊಡ್ಡದಕ್ಕೆ ಕೈಹಾಕಬೇಕು, ತನ್ನ ಕೊರತೆಯನ್ನು ನೆನೆದಾಗ ತಗ್ಗಬೇಕು. ಎರಡೂ ಬೇಕು. ತನ್ನಿಂದಾಗುವ ಕೆಲಸಕ್ಕೂ ಹಿಂಜರಿಯುವ ಅಲ್ಪಮನಸ್ಕತೆ ಅಕ್ವಿನಾಸನ ಲೆಕ್ಕದಲ್ಲಿ ಪಾಪವೇ. ಸ್ಪೇನಿನ ಸಂತ ತೆರೇಸಾ 1577ರಲ್ಲಿ ಬರೆದ ಗ್ರಂಥದಲ್ಲಿ ದೀನತೆಗೆ ಇನ್ನೂ ಸರಳವಾದ ಅರ್ಥ ಕೊಟ್ಟಳು. ಅವಳ ಪ್ರಕಾರ ಅದು ಸತ್ಯದಲ್ಲಿ ನಡೆಯುವುದು. ಇರುವುದಕ್ಕಿಂತ ಹೆಚ್ಚೆಂದು ತೋರಿಸಿಕೊಳ್ಳುವುದು ಸುಳ್ಳಾದರೆ, ಕಡಿಮೆಯೆಂದು ನಟಿಸುವುದೂ ಸುಳ್ಳೇ.

ಈ ದೃಷ್ಟಿಯಿಂದ ನೋಡಿದರೆ ವಿಯೆನ್ನಾದ ಒಂದು ಶವಸಂಸ್ಕಾರ ಅರ್ಥಪೂರ್ಣವಾಗಿದೆ. ಆಸ್ಟ್ರಿಯಾದ ಕೊನೆಯ ಸಾಮ್ರಾಟನ ಮಗ ಆಟೋ ಹ್ಯಾಬ್ಸ್‌ಬರ್ಗ್ 2011ರ ಜುಲೈನಲ್ಲಿ ತೀರಿಕೊಂಡಾಗ, ಅವರ ಶವಪೆಟ್ಟಿಗೆಯನ್ನು ವಂಶದ ಸಮಾಧಿಯಿರುವ ಕಪುಚಿನ್ ಚರ್ಚಿಗೆ ತಂದರು. ಬಾಗಿಲು ಮುಚ್ಚಿತ್ತು. ಬಂದವರು ಯಾರೆಂದು ಒಳಗಿನ ಸನ್ಯಾಸಿ ಕೇಳಿದಾಗ ಮೃತರ ರಾಜಬಿರುದುಗಳನ್ನೆಲ್ಲ ಉದ್ದಕ್ಕೂ ಓದಲಾಯಿತು. ಅಂಥವರನ್ನು ತಾವರಿಯೆವೆಂದು ಒಳಗಿನಿಂದ ಉತ್ತರ ಬಂದಿತು. ಎರಡನೆಯ ಸಲ ಅವರ ಪದವಿ, ಸಾಧನೆಗಳನ್ನು ಹೇಳಿದರೂ ಅದೇ ಉತ್ತರ. ಮೂರನೆಯ ಸಲ, ಆಟೋ ಎಂಬ ಪಾಪಿಯಾದ ಒಬ್ಬ ಮರ್ತ್ಯ ಮನುಷ್ಯ ಎಂದು ಹೇಳಿದ ಮೇಲೆ ಬಾಗಿಲು ತೆರೆಯಿತು. ಬಿರುದುಗಳು ಸುಳ್ಳಾಗಿರಲಿಲ್ಲ. ಆ ಬಾಗಿಲಲ್ಲಿ ಅವು ಚಲಾವಣೆಯಾಗುವ ನಾಣ್ಯವಲ್ಲ, ಅಷ್ಟೆ.

ಪಾದ ತೊಳೆಯುವ ವಿಧಿಗೂ ಇತ್ತೀಚಿನ ವರ್ಷಗಳಲ್ಲಿ ಹಳೆಯ ಮೊನಚು ಮರಳಿದೆ. 1955ರ ಸುಧಾರಣೆ ಅದನ್ನು ಗುರುವಾರ ಸಂಜೆಯ ಪೂಜೆಯೊಳಗೆ ತಂದಾಗ, ಕೂರಬೇಕಾದವರು ಹನ್ನೆರಡು ಗಂಡಸರು ಎಂದೇ ನಿಯಮವಿತ್ತು. 2013ರ ಮಾರ್ಚಿನಲ್ಲಿ, ಪೋಪ್ ಆಗಿ ಇನ್ನೂ ಎರಡು ವಾರ ಕಳೆದಿತ್ತಷ್ಟೆ, ಫ್ರಾನ್ಸಿಸ್ ದೊಡ್ಡ ದೇವಾಲಯವನ್ನು ಬಿಟ್ಟು ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋದರು. ಅಲ್ಲಿ ಅವರು ಪಾದ ತೊಳೆದ ಹನ್ನೆರಡು ಮಂದಿಯಲ್ಲಿ ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು. ಆಕ್ಷೇಪಣೆಗಳು ಎದ್ದವು. 2016ರಲ್ಲಿ ನಿಯಮವನ್ನೇ ಬದಲಿಸಿ, ಹೆಂಗಸರನ್ನೂ ಕೂರಿಸಬಹುದೆಂದು ಅಧಿಕೃತವಾಗಿ ಒಪ್ಪಲಾಯಿತು. 2019ರ ಏಪ್ರಿಲ್‌ನಲ್ಲಿ ಅವರು ಅಂತರ್ಯುದ್ಧದಿಂದ ನಲುಗಿದ್ದ ದಕ್ಷಿಣ ಸುಡಾನಿನ ನಾಯಕರ ಮುಂದೆ ನೆಲಕ್ಕೆ ಬಾಗಿ, ಅವರ ಬೂಟುಗಳಿಗೆ ಮುತ್ತಿಟ್ಟು, ಯುದ್ಧಕ್ಕೆ ಮರಳಬೇಡಿರೆಂದು ಬೇಡಿಕೊಂಡರು. ಆ ದೇಶಕ್ಕೆ ಬಾಳುವ ಶಾಂತಿ ಅದರಿಂದ ಬರಲಿಲ್ಲ. ದೀನತೆಗೆ ಫಲದ ಖಾತರಿ ಇರುವುದಿಲ್ಲ.

2025ರ ಏಪ್ರಿಲ್ 17, ಪವಿತ್ರ ಗುರುವಾರ. ನ್ಯೂಮೋನಿಯಾದಿಂದ ಜರ್ಜರಿತರಾಗಿದ್ದ 88 ವರ್ಷದ ಫ್ರಾನ್ಸಿಸ್ ರೋಮಿನ ರೆಜಿನಾ ಚೇಲಿ ಸೆರೆಮನೆಗೆ ಗಾಲಿಕುರ್ಚಿಯಲ್ಲಿ ಹೋದರು. ಪ್ರತಿವರ್ಷದಂತೆ ಈ ಸಲ ಪಾದ ತೊಳೆಯಲಾಗದೆಂದು ಕೈದಿಗಳಿಗೆ ತಿಳಿಸಿ, ಅವರ ಬಳಿ ಇರುವುದಾದರೂ ತನ್ನಿಂದ ಆದೀತು ಎಂಬರ್ಥದ ಮಾತು ಹೇಳಿದರು. ನಾಲ್ಕು ದಿನಗಳ ನಂತರ ತೀರಿಕೊಂಡರು. ಸಂತ ಮೇರಿಯ ಮಹಾದೇವಾಲಯದಲ್ಲಿ ನೆಲದೊಳಗಿರುವ ಅವರ ಸಮಾಧಿಯ ಕಲ್ಲಿನ ಮೇಲೆ ಬಿರುದಿಲ್ಲ, ಸಾಧನೆಗಳ ಪಟ್ಟಿಯಿಲ್ಲ. ಲ್ಯಾಟಿನ್ ಲಿಪಿಯಲ್ಲಿ ಅವರ ಹೆಸರೊಂದೇ ಇದೆ.

ಪಾದ ತೊಳೆಯುವುದು ವರ್ಷಕ್ಕೊಮ್ಮೆ ಯಾರು ಬೇಕಾದರೂ ಮಾಡಬಹುದಾದ ಕೆಲಸ. ಬೋಗುಣಿ ಒಳಗೆ ಹೋದ ಮೇಲೆ, ಉಳಿದ ದಿನಗಳಲ್ಲಿ ಮೇಲಿನವನು ಕೆಳಗಿನವನನ್ನು ಹೇಗೆ ಮಾತಾಡಿಸುತ್ತಾನೆ ಎಂಬುದರಲ್ಲಿ ಅದರ ಪರೀಕ್ಷೆ ಇದೆ. ಮರುಭೂಮಿಯ ಹಳೆಯ ಸನ್ಯಾಸಿಗಳಿಗೆ ಇದು ಗೊತ್ತಿತ್ತು. ಆದ್ದರಿಂದಲೇ ಅವರು ದೀನತೆಯನ್ನು ಗಳಿಕೆಯೆಂದು ಲೆಕ್ಕ ಬರೆದಿಡದೆ, ದಿನವೂ ಮೊದಲಿನಿಂದ ಕಲಿಯಬೇಕಾದ ಪಾಠವೆಂದು ತಿಳಿದರು.